ಸಣ್ಣ ಸ್ನಾನಗೃಹದ ನಕ್ಷೆ: ಪೈಪು ಮೊದಲು, ಕಮೋಡ್ ಆಮೇಲೆ

ಸ್ನಾನಗೃಹಗಳ ನವೀಕರಣಕ್ಕೆ ನಕ್ಷೆ ತಯಾರಿಸುವುದು ನನ್ನ ವೃತ್ತಿ. ಮನೆಯವರು ನನ್ನ ಬಳಿಗೆ ಬರುವ ಹೊತ್ತಿಗೆ ಟೈಲ್ಸ್‌ನ ಬಣ್ಣವೂ ವಾಶ್ ಬೇಸಿನ್ನಿನ ಮಾದರಿಯೂ ಬಹುಮಟ್ಟಿಗೆ ನಿರ್ಧಾರವಾಗಿರುತ್ತವೆ. ಕೊಳಚೆ ನೀರಿನ ಪೈಪು ಎಲ್ಲಿ ಇಳಿಯುತ್ತದೆ ಎಂಬುದನ್ನು ಮಾತ್ರ ಯಾರೂ ನೋಡಿರುವುದಿಲ್ಲ. ದೊಡ್ಡ ಕೋಣೆಯಲ್ಲಾದರೆ ಈ ಕ್ರಮವೂ ಹೇಗೋ ನಡೆದುಹೋಗುತ್ತದೆ. ಒಂದೂವರೆ ಮೀಟರ್ ಅಗಲ, ಎರಡು ಚಿಲ್ಲರೆ ಮೀಟರ್ ಉದ್ದದ ಕೋಣೆಯಲ್ಲಿ ನಡೆಯುವುದಿಲ್ಲ.

ಕಮೋಡನ್ನು ಎದುರು ಗೋಡೆಗೆ ಸರಿಸಬೇಕೆಂಬುದು ನಾನು ಪದೇ ಪದೇ ಕೇಳುವ ಬೇಡಿಕೆ. ಕಮೋಡಿನ ಪೈಪು ಸಾಮಾನ್ಯವಾಗಿ 110 ಮಿ.ಮೀ. ವ್ಯಾಸದ್ದಾಗಿದ್ದು, ಪ್ರತಿ 40 ಮಿ.ಮೀ. ದೂರಕ್ಕೆ 1 ಮಿ.ಮೀ.ನಂತೆ ವಾಟ ಕೊಟ್ಟರೆ ಎರಡು ಮೀಟರ್ ದೂರಕ್ಕೆ 50 ಮಿ.ಮೀ. ಇಳಿತ ಬೇಕಾಗುತ್ತದೆ. ಪೈಪಿನ ದಪ್ಪ ಸೇರಿ 160 ಮಿ.ಮೀ. ಆಯಿತು, ಅದರ ಮೇಲೆ ಕಾಂಕ್ರೀಟು ಮತ್ತು ಟೈಲ್ಸ್ ಬಂದರೆ 200 ದಾಟುತ್ತದೆ. ಸ್ಲ್ಯಾಬನ್ನು ಮೊದಲೇ ಅಷ್ಟು ತಗ್ಗಿಸಿ ಹಾಕಿದ್ದರೆ ತೊಂದರೆಯಿಲ್ಲ, ಇಲ್ಲವಾದರೆ ನೆಲವನ್ನು ಒಂದು ಮೆಟ್ಟಿಲಿನಷ್ಟು ಎತ್ತರಿಸಬೇಕು ಅಥವಾ ಕೆಳಗಿನ ಮನೆಯವರನ್ನು ಒಪ್ಪಿಸಿ ಅವರ ತಾರಸಿಯಡಿ ಪೈಪು ಎಳೆಯಬೇಕು. ಎರಡನೆಯದು ಎಷ್ಟು ಸುಲಭವೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ನಾನು ಕಮೋಡನ್ನು ಇದ್ದಲ್ಲೇ ಬಿಟ್ಟು, ಗೋಡೆಯೊಳಗೇ ಸಾಗಬಲ್ಲ 40 ಮಿ.ಮೀ. ಪೈಪಿನ ಬೇಸಿನ್ನನ್ನು ಮೊದಲು ಸರಿಸಿ ನೋಡುತ್ತೇನೆ.

ಎರಡನೆಯ ಕಟ್ಟುಪಾಡು ಅಳತೆಯದು. ಹಳೆಯ ಟೈಲ್ಸ್ ಕಿತ್ತು ಇಟ್ಟಿಗೆ ಕಾಣುವಾಗ ತೆಗೆದ ಅಳತೆ ಕೊನೆಗೆ ಉಳಿಯುವ ಅಳತೆಯಲ್ಲ. ಗಾರೆ, ಅಂಟು, ಟೈಲ್ಸ್ ಸೇರಿ ಪ್ರತಿ ಗೋಡೆಯೂ ಸುಮಾರು 25 ಮಿ.ಮೀ. ಒಳಕ್ಕೆ ಬರುವುದರಿಂದ, 1500 ಅಗಲ 2100 ಉದ್ದದ ಕೋಣೆ 1450ಕ್ಕೂ 2050ಕ್ಕೂ ಇಳಿಯುತ್ತದೆ. ಮೂಲೆಗಳು ಮೂಲೆಮಟ್ಟಕ್ಕೆ ಕೂಡದಿದ್ದರೆ ಇನ್ನೂ ಕಡಿಮೆ. ಹಳೆಯ ಟೈಲ್ಸ್ ಮೇಲೆಯೇ ಹೊಸದನ್ನು ಅಂಟಿಸುವಾಗ ಇದೇ ಲೆಕ್ಕ ಬೇರೊಂದು ರೂಪದಲ್ಲಿ ಕಾಡುತ್ತದೆ: ನೆಲಕ್ಕೆ ಇಳಿಯುವ ಕಮೋಡ್ ಪೈಪಿನ ನಡುಗೆರೆ ಹಳೆಯ ಗೋಡೆಯಿಂದ 300 ಮಿ.ಮೀ. ದೂರದಲ್ಲಿದ್ದರೆ, ಹೊಸ ಪದರದ ನಂತರ ಅದು ಸುಮಾರು 285 ಆಗುತ್ತದೆ, ಮತ್ತು 300ಕ್ಕೆಂದೇ ಕೊಂಡ ಕಮೋಡಿನ ನೀರಿನ ಟ್ಯಾಂಕು ಗೋಡೆಗೆ ತಾಗಬಹುದು.

ಈ 2050ನ್ನು ಹಂಚುವುದೇ ನಿಜವಾದ ಯೋಜನೆ. ಕಮೋಡಿನ ನಡುಗೆರೆಯಿಂದ ಎರಡೂ ಬದಿಗೆ 380 ಮಿ.ಮೀ. ಬಿಡಬೇಕೆಂದರೆ ಅದೊಂದಕ್ಕೇ 760 ಹೋಗುತ್ತದೆ. ಶವರಿಗೆ 900 ಕೊಟ್ಟರೆ ಬೇಸಿನ್ನಿಗೆ ಉಳಿಯುವುದು 390 ಮಾತ್ರ. 800 ಕೊಟ್ಟರೆ 490 ಉಳಿದು, 450 ಅಗಲದ ಬೇಸಿನ್ ಅದೇ ಗೋಡೆಯಲ್ಲಿ ಕೂರುತ್ತದೆ. ಕಮೋಡ್ ಗೋಡೆಯಿಂದ 680ರಷ್ಟು ಮುಂದೆ ಬಂದರೂ ಎದುರಿಗೆ 770 ಉಳಿಯುವುದರಿಂದ ಮೊಣಕಾಲಿಗೆ ತೊಂದರೆಯಿಲ್ಲ. ಕಾಗದದ ಮೇಲಿನ ಈ ಅಂಕಿಗಳು ಮನೆಯವರಿಗೆ ಅರ್ಥವಾಗದಿದ್ದರೆ ಸೀಮೆಸುಣ್ಣದಿಂದ ನೆಲದ ಮೇಲೆಯೇ ಗೆರೆ ಎಳೆದು, ಕಮೋಡಿನ ಜಾಗದಲ್ಲಿ ಒಂದು ಸ್ಟೂಲ್ ಇಟ್ಟು, ಕುಳಿತು ಎದ್ದು ತಿರುಗಿ ನೋಡಲು ಹೇಳುತ್ತೇನೆ. 900ರ ಶವರೇ ಬೇಕೆಂದು ಹಟ ಹಿಡಿದವರು ಹಲವು ಬಾರಿ ಈ ಗೆರೆಗಳ ನಡುವೆ ನಿಂತು ತಾವಾಗಿಯೇ ಮನಸ್ಸು ಬದಲಾಯಿಸಿದ್ದಾರೆ.

ಬಾಗಿಲು ಬೇಸಿನ್ನಿನ ಎದುರಿಗಿದ್ದು ಒಳಕ್ಕೆ ತೆರೆದುಕೊಳ್ಳುವಂತಿದ್ದರೆ ಇಷ್ಟು ಹೊಂದಿಸಿದ್ದೆಲ್ಲ ಕೆಡುತ್ತದೆ. 700 ಅಗಲದ ಬಾಗಿಲು ತಿರುಗಿದ ಮೇಲೆ, 400 ಮುಂಚಾಚಿದ ಬೇಸಿನ್ನಿನ ಮುಂದೆ 350 ಮಿ.ಮೀ. ಮಾತ್ರ ಉಳಿಯುತ್ತದೆ, ಅಂದರೆ ಒಳಗಿದ್ದವರು ಬೇಸಿನ್ನಿಗೆ ಒತ್ತಿಕೊಂಡು ನಿಂತು ಬಾಗಿಲು ಹಾಕಿಕೊಳ್ಳಬೇಕು. ಹೊರಕ್ಕೆ ತೆರೆಯುವ ಬಾಗಿಲೇ ನನ್ನ ಮೊದಲ ಆಯ್ಕೆ. ಒಳಗೆ ಯಾರಾದರೂ ಬಿದ್ದರೂ ಅದನ್ನು ತೆರೆಯಬಹುದು. ಗೋಡೆಯೊಳಗೆ ಸರಿಯುವ ಬಾಗಿಲೂ ಆಗಬಹುದು, ಆದರೆ ಆ ಭಾಗದ ಗೋಡೆಯಲ್ಲಿ ಪೈಪನ್ನಾಗಲಿ ಸ್ವಿಚ್ ಬೋರ್ಡನ್ನಾಗಲಿ ಕೂರಿಸುವಂತಿಲ್ಲ.

ನೆಲದ ನೀರು ಹೋಗುವ ಜಾಲರಿಯನ್ನು ಬಾಗಿಲಿನಿಂದ ದೂರದ ಮೂಲೆಯಲ್ಲಿ, ಶವರಿನ ಅಡಿಯಲ್ಲಿ ಇಡುತ್ತೇನೆ. ನೂರಕ್ಕೆ ಒಂದರ ವಾಟ ಕೊಟ್ಟರೂ ಎರಡು ಮೀಟರಿಗೆ 20 ಮಿ.ಮೀ. ಇಳಿಯುವುದರಿಂದ, ಬಾಗಿಲ ಬಳಿಯ ನೆಲದ ಮಟ್ಟವನ್ನು ನಕ್ಷೆಯಲ್ಲೇ ಬರೆದಿಡಬೇಕು. ಚೌಕ ಜಾಲರಿಗೆ ನಾಲ್ಕೂ ಕಡೆಯಿಂದ ವಾಟ ಬೇಕಾಗುವುದರಿಂದ ದೊಡ್ಡ ಟೈಲ್ಸನ್ನು ಕರ್ಣಕ್ಕೆ ಕತ್ತರಿಸಬೇಕಾಗುತ್ತದೆ. ಗೋಡೆಯುದ್ದಕ್ಕೆ ಹಾಕುವ ಉದ್ದನೆಯ ಜಾಲರಿಗೆ ಒಂದೇ ದಿಕ್ಕಿನ ವಾಟ ಸಾಕು. ಜಾಲರಿಯ ಕೆಳಗೆ ಸ್ವಲ್ಪ ನೀರು ಸದಾ ನಿಲ್ಲುವಂತೆ ಮಾಡಿದ ಟ್ರ್ಯಾಪ್ ಇರುತ್ತದೆ. ಬೇಸಿನ್ನಿನ ನೀರನ್ನೂ ಇದೇ ಟ್ರ್ಯಾಪಿಗೆ ಸೇರಿಸಿದರೆ, ಶವರ್ ಬಳಸದ ದಿನಗಳಲ್ಲಿಯೂ ಟ್ರ್ಯಾಪಿನೊಳಗೆ ನೀರು ನಿಂತು ದುರ್ವಾಸನೆಯನ್ನು ತಡೆಯುತ್ತದೆ.

ಇಷ್ಟು ಗೊತ್ತಾದ ಮೇಲೆ ಅಂಗಡಿಗೆ ಹೋಗಬಹುದು. ಪೈಪು ಮುಚ್ಚುವ ಮುನ್ನ ಪ್ರತಿ ಗೋಡೆಗೂ ಅಳತೆಯ ಟೇಪು ಹಿಡಿದು ಫೋಟೊ ತೆಗೆದು ಮನೆಯವರಿಗೆ ಕೊಡುತ್ತೇನೆ, ಏಕೆಂದರೆ ಟವೆಲ್ ರಾಡ್ ಕೂರಿಸಲು ಡ್ರಿಲ್ ಹಿಡಿದು ಬರುವವನಿಗೆ ಒಳಗಿನ ಪೈಪು ಕಾಣುವುದಿಲ್ಲ.