ಗಂಜಿ ಕೊಟ್ಟು ಮತಾಂತರ ಮಾಡಿದ್ರಲ್ವಾ?

ಹಳೇ ಚೀನಾದ ಬಗ್ಗೆ ನಾನು ಎಲ್ಲಿ ಮಾತಾಡಿದರೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಬರಗಾಲದಲ್ಲಿ ಮಿಷನರಿಗಳು ಬಡವರಿಗೆ ಗಂಜಿ ಹಾಕಿದ್ದು ಮತಾಂತರ ಮಾಡೋಕೆ ತಾನೆ?"

ಮತಾಂತರದ ಆಸೆ ಖಂಡಿತ ಇತ್ತು. ಅದನ್ನು ಅವರು ಬಚ್ಚಿಟ್ಟವರೂ ಅಲ್ಲ. ಆದರೆ ನೆರವು ಕೊಡುವಾಗ ನೀನು ಯಾವ ದೇವರಿಗೆ ಕೈಮುಗಿಯುತ್ತೀಯ ಅಂತ ಕೇಳಲಿಲ್ಲ. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಸತ್ತವರಿಗೂ ಬದುಕಿದವರಿಗೂ ಅನ್ಯಾಯ ಮಾಡಿದಂತೆ ಅನ್ನುವುದು ನನ್ನ ನಂಬಿಕೆ.

ನಾನು ಹೇಳುತ್ತಿರುವುದು 1876ರಿಂದ 1879ರವರೆಗಿನ ಉತ್ತರ ಚೀನಾದ ಬರದ ಮಾತು. ಶಾಂಡಾಂಗ್‌ನಿಂದ ಶಾಂಕ್ಸಿವರೆಗೆ ಐದು ಪ್ರಾಂತ್ಯಗಳಲ್ಲಿ ಮಳೆ ಕೈಕೊಟ್ಟಿತು. ಸತ್ತವರು 90 ಲಕ್ಷದಿಂದ 1.3 ಕೋಟಿ ಅಂತ ಅಂದಾಜು. ಅದೇ ಸಮಯದಲ್ಲಿ ನಮ್ಮ ಮೈಸೂರು ಸೀಮೆಯಲ್ಲೂ ಜನ ಸಾಯುತ್ತಿದ್ದರು. ಧಾತು ಸಂವತ್ಸರದ ಬರ ಅಂತ ನಮ್ಮವರು ಕರೆಯುವುದು ಅದನ್ನೇ. ಪೆಸಿಫಿಕ್ ಸಾಗರದ ನೀರು ಅತಿಯಾಗಿ ಬಿಸಿಯಾಗುವ ಎಲ್ ನಿನೊ ಆ ವರ್ಷಗಳಲ್ಲಿ ಎರಡೂ ಕಡೆ ಮಳೆ ಕೆಡಿಸಿತ್ತು.

ಆಗ ಶಾಂಡಾಂಗ್‌ನ ಚಿಂಗ್‌ಝೌ ಊರಿನಲ್ಲಿ ತಿಮೊಥಿ ರಿಚರ್ಡ್ ಅಂತ ಒಬ್ಬ ವೇಲ್ಸ್ ದೇಶದವರಿದ್ದರು. ಬ್ಯಾಪ್ಟಿಸ್ಟ್ ಮಿಷನರಿ, ಮೂವತ್ತರ ಆಸುಪಾಸಿನ ವಯಸ್ಸು. ಬರ ಶುರುವಾದಾಗ ಅವರು ಮೊದಲು ಮಾಡಿದ ಕೆಲಸ ಪ್ರಚಾರವೇ. ಕುದುರೆ ಹತ್ತಿ ಸುತ್ತಲಿನ ಊರುಗಳಿಗೆ ಹೋಗಿ, ಕೋಟೆ ಬಾಗಿಲುಗಳಿಗೆ ಹಳದಿ ಕಾಗದ ಅಂಟಿಸಿದರು. ಮಳೆ ಬೇಕಾದರೆ ವಿಗ್ರಹಗಳನ್ನು ಬಿಟ್ಟು ಜೀವಂತ ದೇವರನ್ನು ಬೇಡಿ ಅಂತ ಅದರಲ್ಲಿತ್ತು. ಹಸಿದವರ ಮುಂದೆ ಇಂಥ ಮಾತು ಆಡಬಾರದಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಆಮೇಲೆ ಅವರ ಕೈಗೆ ಹಣ ಬಂತು, ಹಂಚುವ ಕೆಲಸ ಶುರುವಾಯಿತು. ಅವರು ಹಂಚಿದ್ದು ಹೆಚ್ಚಾಗಿ ಗಂಜಿ ಅಲ್ಲ, ತಾಮ್ರದ ಕಾಸು. ನಡುವೆ ತೂತಿರುವ, ದಾರಕ್ಕೆ ಪೋಣಿಸುವ ಚೀನೀ ಕಾಸು. ದುಡ್ಡು ಕೊಡುತ್ತಾರೆ ಅಂತ ಗೊತ್ತಾದರೆ ಜನ ಮುಗಿಬೀಳುತ್ತಾರೆ, ಕಾಲ್ತುಳಿತದಲ್ಲಿ ಮುದುಕರು ಮಕ್ಕಳು ಸಾಯುತ್ತಾರೆ. ಅದಕ್ಕೆ ರಿಚರ್ಡ್ ಬಡವರ ಕೇರಿಯ ಒಂದು ಇಕ್ಕಟ್ಟು ಗಲ್ಲಿಯಲ್ಲಿ ನಿಂತು, ಒಬ್ಬೊಬ್ಬರನ್ನೇ ದಾಟಿಸಿ, ಎಲ್ಲರಿಗೂ ಒಂದೇ ಸಮನಾಗಿ ಕೊಟ್ಟರು. ಮತ್ತೆ ಬರಬಾರದು ಅಂತ ಕೈಗೆ ಶಾಯಿ ಗುರುತು ಹಾಕಿದರು. ಕೆಲವರು ಶಾಯಿ ತೊಳೆದುಕೊಂಡು ವಾಪಸ್ ಬಂದರು. ಬರಗಾಲದಲ್ಲಿ ಭಿಕ್ಷುಕನ ಕೈ ಅಷ್ಟು ಸ್ವಚ್ಛವಾಗಿರುವುದು ಹೇಗೆ? ಹಾಗಾಗಿ ಕೊಳೆ ಕೈಯವರಿಗೆ ಮಾತ್ರ ಕೊಡತೊಡಗಿದರು. ಇನ್ನೊಂದು ಸಲ ಬೈಬಲ್ಲಿನಲ್ಲಿ ಯೇಸು ಜನರನ್ನು ಕೂರಿಸಿ ಊಟ ಹಾಕಿದ್ದು ನೆನಪಾಗಿ, ಇವರೂ ಎಲ್ಲರನ್ನೂ ಸಾಲಾಗಿ ನೆಲದ ಮೇಲೆ ಕೂರಿಸಿದರು. ಕೂತ ಜನ ನೂಕಾಡುವುದಿಲ್ಲ. ಶಾಸ್ತ್ರದಿಂದ ಕಲಿತ ಅತ್ಯಂತ ಉಪಯುಕ್ತ ಪಾಠ ಇದೇ ಅಂತ ನಾನು ಯಾವಾಗಲೂ ಹೇಳುತ್ತೇನೆ.

1877ರ ಕೊನೆಗೆ ರಿಚರ್ಡ್ ಶಾಂಕ್ಸಿಯ ತೈಯುವಾನ್‌ಗೆ ಹೋದರು. ಬರ ತೀರಾ ಭೀಕರವಾಗಿದ್ದದ್ದು ಅಲ್ಲೇ. ಚಳಿಗಾಲದಲ್ಲಿ ಅವರು ಅಲ್ಲಿಂದ ದಕ್ಷಿಣಕ್ಕೆ ಪ್ರಯಾಣ ಮಾಡಿದಾಗ ದಾರಿಯುದ್ದಕ್ಕೂ ಹೆಣಗಳು. ಮರಗಳ ತೊಗಟೆಯನ್ನೆಲ್ಲ ಜನ ಸುಲಿದು ತಿಂದಿದ್ದರು. ಮನೆ ಕೆಡವಿ ತೊಲೆ ಮಾರಿದ್ದರು. ಮಾರಾಟಕ್ಕೆ ಹೆಂಗಸರನ್ನು ಗಾಡಿಗಳಲ್ಲಿ ಸಾಗಿಸುತ್ತಿದ್ದರು. ಧಾನ್ಯ ಎಲ್ಲೂ ಇರಲಿಲ್ಲ ಅಂತಲ್ಲ. ಟಿಯಾಂಜಿನ್ ಬಂದರಿನಲ್ಲಿ ಮೂಟೆಗಳು ರಾಶಿ ಬಿದ್ದಿದ್ದವು. ಆದರೆ ಶಾಂಕ್ಸಿಗೆ ಬರಬೇಕಾದರೆ ಗುಗುವಾನ್ ಕಣಿವೆಯ ಇಕ್ಕಟ್ಟು ದಾರಿ ಹತ್ತಬೇಕು. ಒಂಟೆ, ಎತ್ತು, ಹೇಸರಗತ್ತೆ ಎಲ್ಲ ಅಲ್ಲಿ ಸಿಕ್ಕಿಹಾಕಿಕೊಂಡವು. ಹೊರೆ ಹೊತ್ತ ಪ್ರಾಣಿಗಳನ್ನೇ ಹಸಿದ ಜನ ಕೊಂದು ತಿಂದರು. ಅದಕ್ಕೇ ಬೆಳ್ಳಿ ಸಾಗಿಸಿ ಕಾಸು ಹಂಚುವುದು ಸುಲಭವಾಯಿತು.

ಸಹಾಯಕ್ಕೆ ಬಂದವರಲ್ಲಿ ಅಮೆರಿಕದ ಆಲ್ಬರ್ಟ್ ವೈಟಿಂಗ್ 1878ರಲ್ಲಿ ತೈಯುವಾನ್‌ನಲ್ಲೇ ಬರಗಾಲದ ಜ್ವರಕ್ಕೆ ಬಲಿಯಾದರು. ಅದೇ ವರ್ಷ ಜೆನ್ನಿ ಟೇಲರ್ ಅನ್ನುವ ಇಂಗ್ಲಿಷ್ ಮಿಷನರಿ, ಮಕ್ಕಳನ್ನು ಇಂಗ್ಲೆಂಡಿನಲ್ಲಿ ಬಿಟ್ಟು, ಇಬ್ಬರು ಹೆಂಗಸರ ಜೊತೆ ಅಲ್ಲಿಗೆ ಬಂದು ಅನಾಥ ಮಕ್ಕಳನ್ನು ಸಾಕಿದರು. ಇದನ್ನೆಲ್ಲ ಬರೀ ತಲೆ ಎಣಿಸುವ ಲೆಕ್ಕಾಚಾರ ಅನ್ನೋಕೆ ನನಗೆ ಮನಸ್ಸು ಬರುವುದಿಲ್ಲ.

ಹಾಗಂತ ಚೀನೀಯರ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಪಾಶ್ಚಾತ್ಯ ದೇಶಗಳ ಜೊತೆ ಚೀನಾ ಮಾಡಿಕೊಂಡ 1858ರ ಒಪ್ಪಂದಗಳಲ್ಲಿ ಮಿಷನರಿಗಳಿಗೆ ಒಳನಾಡಿನ ಬಾಗಿಲು ತೆರೆಯಿತು. ಅದೇ ವರ್ಷ ಅಫೀಮು ವ್ಯಾಪಾರವೂ ಕಾನೂನುಬದ್ಧವಾಯಿತು. ಆ ಅಫೀಮು ಬರುತ್ತಿದ್ದುದು ನಮ್ಮ ದೇಶದ ಬಿಹಾರ, ಮಾಳ್ವದಿಂದ. ಕ್ರಮೇಣ ಶಾಂಕ್ಸಿಯ ಒಳ್ಳೊಳ್ಳೆ ಹೊಲಗಳಲ್ಲೂ ಗಸಗಸೆ ಗಿಡ ಬಂದು ಕೂತಿತು. ಧರ್ಮಗ್ರಂಥವನ್ನೂ ಅಫೀಮನ್ನೂ ಒಂದೇ ಹಡಗಿನಲ್ಲಿ ತಂದವರು ಈಗ ದುಡ್ಡು ಹಂಚುತ್ತಿದ್ದಾರೆ ಅಂದರೆ ಯಾರಿಗೆ ತಾನೆ ನಂಬಿಕೆ ಬರುತ್ತದೆ? ಶಾಂಕ್ಸಿಯ ಗವರ್ನರ್ ಝೆಂಗ್ ಗುವೊಚುವಾನ್ ಕೂಡ ರಿಚರ್ಡ್ ಜನರ ಮನಸ್ಸು ಕದಿಯಲು ಬಂದವನು ಅಂತಲೇ ಮೊದಲು ಭಾವಿಸಿದರು. ಆಮೇಲೆ ಅಧಿಕಾರಿಗಳ ಜೊತೆ ಸೇರಿ ಹಳ್ಳಿಗಳನ್ನು ಹಂಚಿಕೊಂಡು ಕೆಲಸ ಸಾಗಿತು.

ಈ ಅನುಮಾನದಿಂದ ಒಂದು ಒಳ್ಳೆಯದೂ ಆಯಿತು. ಅನಾಥ ಮಕ್ಕಳೆಲ್ಲ ವಿದೇಶಿಯರ ಪಾಲಾಗುತ್ತಾರೆ ಅನ್ನುವ ಭಯದಿಂದ ಸುಝೌ ನಗರದ ಶಿಯೆ ಜಿಯಾಫು ತಾವೇ ಹಣ ಕೂಡಿಸಿ ಶಾಂಡಾಂಗ್‌ಗೆ ಹೊರಟರು. ದಕ್ಷಿಣದ ವ್ಯಾಪಾರಿಗಳು, ವಿದ್ವಾಂಸರು ಬರದ ಚಿತ್ರಗಳನ್ನು ಅಚ್ಚು ಹಾಕಿಸಿ, ಹಂಚಿ, ಚಂದಾ ಎತ್ತಿದರು. ನಮ್ಮಲ್ಲಿ ಮಿಷನರಿ ಕಥೆ ಹೇಳುವವರು ಇವರ ಹೆಸರನ್ನೇ ಎತ್ತುವುದಿಲ್ಲ. ನನಗೆ ನಿಜವಾಗಿ ಬೇಜಾರಾಗುವುದು ಇದಕ್ಕೆ.

ಮತಾಂತರ ಎಷ್ಟಾಯಿತು ಅಂತೀರಾ? ಶಾಂಡಾಂಗ್‌ನಲ್ಲಿ ಜಾಸ್ತಿ ಜನ ಬಂದರು, ಶಾಂಕ್ಸಿಯಲ್ಲಿ ತೀರಾ ಕಡಿಮೆ. ಅಲ್ಲಿ ಕ್ರೈಸ್ತರಾದವರಲ್ಲಿ ಹೆಸರು ಮಾಡಿದ ಶಿ ಶೆಂಗ್‌ಮೊ ಗಂಜಿಯ ಆಸೆಗೆ ಬಂದವರಲ್ಲ. ಅವರು ಓದಿದ ಪಂಡಿತರು, ಅಫೀಮಿನ ಚಟಕ್ಕೆ ಬಿದ್ದಿದ್ದರು. ಡೇವಿಡ್ ಹಿಲ್ ಅನ್ನುವ ಮಿಷನರಿ 1879ರಲ್ಲಿ ನಡೆಸಿದ ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ಗೆದ್ದು, ಅದನ್ನು ತರೋಕೆ ಹೋಗುವುದಕ್ಕೂ ಹಿಂಜರಿದವರು. ಮುಂದೆ ಅವರೇ ಅಫೀಮು ಬಿಡಿಸುವ ಆಶ್ರಯಗಳನ್ನು ತೆರೆದರು.

ರಿಚರ್ಡ್‌ಗೆ ಬರದಲ್ಲಿ ಖಾತ್ರಿಯಾದದ್ದು ಬೇರೆಯೇ. ಜನ ಸಾಯತೊಡಗಿದ ಮೇಲೆ ಕಾಸು ಹಂಚಿ ಸಾಲದು. ರೈಲು ಹಾಕಿಸಿ, ಮಂಚೂರಿಯಾದಿಂದ ಧಾನ್ಯ ತರಿಸಿ, ಜನರನ್ನು ಅಲ್ಲಿಗೆ ಕಳಿಸಿ ಅಂತ ಗವರ್ನರ್‌ಗೆ ಹೇಳಿದರು. ರೈಲು ಬಂದರೆ ವಿದೇಶಿಯರೂ ಬರುತ್ತಾರೆ ಅಂತ ಅಧಿಕಾರಿಗಳು ಒಪ್ಪಲಿಲ್ಲ. ರೈಲು ಒಂದೇ ಸಾಲದು ಅನ್ನೋದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. ಇಲ್ಲಿ ಆಗಲೇ ರೈಲಿತ್ತು, ಧಾನ್ಯವೂ ಬರುತ್ತಿತ್ತು, ಕೊಳ್ಳೋಕೆ ಬಡವರ ಕೈಯಲ್ಲಿ ದುಡ್ಡಿರಲಿಲ್ಲ. 1871ರಲ್ಲಿ 50 ಲಕ್ಷ ಇದ್ದ ಮೈಸೂರಿನ ಜನಸಂಖ್ಯೆ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿಯಿತು.

1900ರಲ್ಲಿ, ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯ ವೇಳೆ, ತೈಯುವಾನ್‌ನಲ್ಲಿ ಮಿಷನರಿಗಳ ಕೊಲೆಯಾಯಿತು. ಅದಕ್ಕೆ ದಂಡವಾಗಿ ಐದು ಲಕ್ಷ ಟೇಲ್ (ಬೆಳ್ಳಿ ತೂಗುವ ಚೀನೀ ಅಳತೆ) ಬೆಳ್ಳಿಯನ್ನು ಹತ್ತು ವರ್ಷಗಳಲ್ಲಿ ವಸೂಲಿ ಮಾಡಿ, ಅದರಿಂದ ಅಲ್ಲೇ ವಿಶ್ವವಿದ್ಯಾಲಯ ಕಟ್ಟಿ ಅಂತ ರಿಚರ್ಡ್ ಸಲಹೆ ಕೊಟ್ಟರು. 1902ರಲ್ಲಿ ಶುರುವಾದ ಶಾಂಕ್ಸಿ ವಿಶ್ವವಿದ್ಯಾಲಯ ಇವತ್ತಿಗೂ ಇದೆ. ಅದನ್ನು ಮಿಷನರಿಗಳ ಕೊಡುಗೆ ಅಂತ ಹೊಗಳುವವರಿಗೆ ನಾನು ಇದನ್ನೂ ಹೇಳುತ್ತೇನೆ: ಆ ದುಡ್ಡು ತೆತ್ತವರು ಬರದಲ್ಲಿ ಬದುಕುಳಿದ ಶಾಂಕ್ಸಿ ಜನರು ಮತ್ತು ಅವರ ಮಕ್ಕಳು.