ಮೀಕನ ಊರುಗಳ ಉಬ್ಬು ನಕ್ಷೆ: ಇಲ್ಲಿಯವರೆಗಿನ ಕೆಲಸ

ಹಲಗೆ ಮತ್ತು ಪದರಗಳು

ನಮ್ಮ ಸಭೆಯ ಬೈಬಲ್ ಅಧ್ಯಯನಕ್ಕೆ ಈ ಸಲ ಹಳೆ ಒಡಂಬಡಿಕೆಯ ಪ್ರವಾದಿ ಮೀಕನ ಪುಸ್ತಕ. ಅವನು ಹೆಸರೆತ್ತಿ ಕೂಗುವ ಊರುಗಳನ್ನು ಕೈಯಿಂದ ಮುಟ್ಟಿ ನೋಡುವಂತಿರಲಿ ಎಂದು ಒಂದು ಉಬ್ಬು ನಕ್ಷೆ ಮಾಡುತ್ತಿದ್ದೇನೆ. ನಮ್ಮಲ್ಲಿ ಹೆಚ್ಚಿನವರಿಗೆ ಮೀಕ ಎಂದರೆ ಎರಡೇ ವಚನ: ಕ್ರಿಸ್‌ಮಸ್‌ಗೆ 5:2 (ಬೇತ್ಲೆಹೇಮಿನಿಂದ ಆಳುವವನು ಬರುತ್ತಾನೆ ಎಂಬ ಮಾತು), ಗೋಡೆಗೆ ತೂಗುಹಾಕಲು 6:8 (ನ್ಯಾಯ, ದಯೆ, ದೀನತೆಯ ಮಾತು). ಮೊದಲ ಮೂರು ಅಧ್ಯಾಯಗಳ ನ್ಯಾಯತೀರ್ಪನ್ನು ಬಿಟ್ಟು ನೇರ ಬೇತ್ಲೆಹೇಮಿಗೆ ಬಂದುಬಿಡುತ್ತೇವೆ. ನೆಲದ ಮೇಲೆ ಹಾಗೆ ಬರಲಾಗದು. ಮೀಕನ ಊರಿನ ಕಡೆಯಿಂದ ಬೆಟ್ಟ ಹತ್ತುವವರಿಗೆ ಬೇತ್ಲೆಹೇಮ್ ಸಿಗುವುದು ಕೊನೆಗೆ.

ಪ್ಲೈವುಡ್ ಹಲಗೆ ಮೂರೂವರೆ ಅಡಿ ಅಗಲ, ಎರಡೂವರೆ ಅಡಿ ಉದ್ದ. ಒಂದು ಕಿಲೋಮೀಟರಿಗೆ 2 ಸೆಂ.ಮೀ. ಎತ್ತರಕ್ಕೆ 1 ಸೆಂ.ಮೀ. ದಪ್ಪದ ಥರ್ಮೋಕೋಲ್, ಒಂದು ಪದರಕ್ಕೆ 100 ಮೀಟರ್ ಲೆಕ್ಕ. ಎತ್ತರ ಐದು ಪಟ್ಟು ಹಿಗ್ಗುತ್ತದೆ ನಿಜ, ಆದರೆ ಹಾಗೆ ಮಾಡದಿದ್ದರೆ ಬೆಟ್ಟಗಳು ಕಣ್ಣಿಗೇ ಬೀಳುವುದಿಲ್ಲ. ಯೆರೂಸಲೇಮ್, ಬೇತ್ಲೆಹೇಮ್ ಎರಡೂ ಏಳು ಪದರ ದಾಟಿದವು. ಲಾಕೀಷ್ ಮೂರನ್ನೂ ಮುಟ್ಟಲಿಲ್ಲ. ಮೇಲೆ ಹಳೇ ಪತ್ರಿಕೆಯ ಪಟ್ಟಿಗಳನ್ನು ಮೈದಾ ಅಂಟಿನಲ್ಲಿ ಅದ್ದಿ ಅಂಟಿಸಿದೆ. ಹುಳ ಹಿಡಿಯದಂತೆ ಅಂಟಿಗೆ ಚೂರು ಮೈಲುತುತ್ತ ಹಾಕಿದ್ದೇನೆ. ಮಳೆಗಾಲ, ಆದ್ದರಿಂದ ಒಂದು ಪದರ ಪೂರ್ತಿ ಒಣಗದೆ ಮುಂದಿನದಕ್ಕೆ ಕೈ ಹಾಕುವುದಿಲ್ಲ.

ಉತ್ತರದ ಇಸ್ರಾಯೇಲ್ ರಾಜ್ಯದ ರಾಜಧಾನಿ ಸಮಾರ್ಯ ಹಲಗೆಯ ಮೇಲಿಲ್ಲ, ಅದು ಇನ್ನೂ ಉತ್ತರಕ್ಕೆ. ಮೀಕನ ಮೊದಲ ಮಾತೇ ಅದರ ಮೇಲೆ: ಅದು ಕಲ್ಲುಕುಪ್ಪೆ ಆಗುತ್ತದೆ ಎಂದು. ಕ್ರಿ.ಪೂ. 722ರ ಹೊತ್ತಿಗೆ ಅದು ಅಶ್ಶೂರರ ಕೈಗೆ ಬಿತ್ತು. ಉತ್ತರದ ಅಂಚಿನಲ್ಲಿ ಒಂದು ಬಾಣದ ಗುರುತು ಹಾಕಿ ಹೆಸರು ಬರೆದಿದ್ದೇನೆ.

ಒಂದು ಗೇಣಿನೊಳಗೆ

ಊರುಗಳ ಗುಂಡುಸೂಜಿ ಚುಚ್ಚಿದ ದಿನ ಕೆಲಸದ ರುಚಿಯೇ ಬದಲಾಯಿತು. ಮೀಕನ ಊರು ಮೋರೆಷೆತ್. ಅದು ಇಂದಿನ ತೆಲ್ ಗೋದೆದ್ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ನಾನೂ ಅಲ್ಲೇ ಚುಚ್ಚಿದೆ. ಅದರ ಮೇಲೆ ಹೆಬ್ಬೆರಳಿಟ್ಟು ಗೇಣು ಚಾಚಿದರೆ ಗತ್, ಮಾರೇಷ, ಲಾಕೀಷ್, ಅದುಲ್ಲಾಮ್ ಎಲ್ಲವೂ ಬೆರಳ ತುದಿಗೆ ಸಿಗುತ್ತವೆ. ಮೊದಲ ಅಧ್ಯಾಯದ 10ರಿಂದ 16ನೇ ವಚನದವರೆಗಿನ ಗೋಳಾಟವನ್ನು ನಾನು ಯಾವಾಗಲೂ ಬರೀ ಹೆಸರುಗಳ ಸಾಲಾಗಿ ಓದುತ್ತಿದ್ದೆ. ಇವೆಲ್ಲ ಅವನ ಅಕ್ಕಪಕ್ಕದ ಊರುಗಳು! ಸಂತೆಗೆ, ನಂಟರ ಮನೆಗೆ ನಡೆದು ಹೋಗುವಷ್ಟು ದೂರ. ಬೆತ್ತಲೆಯಾಗಿ, ಬರಿಗಾಲಲ್ಲಿ ಅಳುತ್ತೇನೆ ಎಂದು 1:8ರಲ್ಲಿ ಅವನು ಹೇಳುವುದು ಸುಮ್ಮನೆ ಅಲ್ಲ. ತೀರ್ಪು ಸಾರುವವನೇ ಮೊದಲು ಅಳುತ್ತಾನೆ, ಏಕೆಂದರೆ ಅದು ಬೀಳುವುದು ಅವನದೇ ಬೀದಿಯ ಮೇಲೆ.

ಶಾಫೀರ್, ಮಾರೋತ್ ಮುಂತಾದ ಕೆಲವು ಊರುಗಳ ಜಾಗದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅವುಗಳ ಹೆಸರನ್ನು ಚೀಟಿಯಲ್ಲಿ ಬರೆದು ಪಕ್ಕದಲ್ಲಿ ಅಂಟಿಸಿದ್ದೇನೆ. ಓದುವಾಗ ಅವನ್ನೂ ಬಿಡಬಾರದು.

ಲಾಕೀಷ್

ನಕ್ಷೆಯ ಅಳತೆಯಲ್ಲಿ ಲಾಕೀಷ್ ಹುಣಸೆಬೀಜದಷ್ಟೇ ಆಗುತ್ತದೆ. ಹಾಗಾಗಿ ಅದಕ್ಕೆ ಬೇರೆಯೇ ಒಂದು ಚಿಕ್ಕ ಹಲಗೆ. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಇದೇ, ಹಿಡಿಯಲಿ ಎಂದೇ ಕೂತೆ.

ಕ್ರಿ.ಪೂ. 701ರಲ್ಲಿ ಅಶ್ಶೂರದ ಅರಸ ಸನ್ಹೇರೀಬ ದಕ್ಷಿಣದ ರಾಜ್ಯ ಯೆಹೂದದ ಮೇಲೆ ದಂಡೆತ್ತಿ ಬಂದ. ತಾನು ಅಲ್ಲಿನ ಅರಸ ಹಿಜ್ಕೀಯನ 46 ಕೋಟೆ ಊರುಗಳನ್ನು ಹಿಡಿದೆ, 2,00,150 ಜನರನ್ನು ಹೊರಡಿಸಿದೆ ಎಂದು ಅವನೇ ಬರೆಸಿದ್ದಾನೆ. ಅರಸನ ಬಡಾಯಿಯನ್ನು ಕಳೆದರೂ ಉಳಿಯುವುದು ಸಣ್ಣದಲ್ಲ. ಲಾಕೀಷ್ ಗುಡ್ಡದ ನೈಋತ್ಯ ಮೂಲೆಯಲ್ಲಿ ಅವನ ಸೈನ್ಯ ಕಲ್ಲು ಸುರಿದು ಕಟ್ಟಿದ ಏರು ಇಂದಿಗೂ ಇದೆ. ಅದನ್ನು ಮಾಡಲು ಸಣ್ಣ ಜಲ್ಲಿಯನ್ನು ಜರಡಿ ಹಿಡಿದು ಫೆವಿಕಾಲ್‌ನಲ್ಲಿ ಕೂರಿಸಿದೆ.

ನಿನೆವೆಯ ಅರಮನೆಗೆ ಅವನು ಹಾಕಿಸಿಕೊಂಡ ಲಾಕೀಷಿನ ಕೆತ್ತನೆಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್‌ನಲ್ಲಿವೆ. ಅವುಗಳ ಚಿತ್ರಗಳನ್ನು ಎದುರಿಗಿಟ್ಟುಕೊಂಡೇ ಕೆಲಸ ಮಾಡಿದೆ. ಗೋಡೆ ಕುಟ್ಟುವ ಯಂತ್ರಗಳು ಏರು ಹತ್ತುತ್ತಿವೆ. ಸೋತವರ ಸಂಸಾರಗಳು ಗಂಟುಮೂಟೆ ಕಟ್ಟಿ ಎತ್ತಿನ ಗಾಡಿಯಲ್ಲಿ ಹೊರಟಿವೆ, ಮೂಟೆಗಳ ಮೇಲೆ ಹೆಂಗಸರು, ಮಕ್ಕಳು. ಇನ್ನೊಂದು ಕಡೆ ಸೆರೆಯಾಳುಗಳನ್ನು ನೆಲಕ್ಕೆ ಕೆಡವಿ ಚರ್ಮ ಸುಲಿಯುತ್ತಿದ್ದಾರೆ.

ಅದನ್ನು ನೋಡಿದ ಕಣ್ಣಿನಲ್ಲೇ ಮೂರನೇ ಅಧ್ಯಾಯಕ್ಕೆ ಬಂದರೆ ಎದೆ ಝಲ್ಲೆನ್ನುತ್ತದೆ. ಜನರ ಚರ್ಮ ಸುಲಿದು, ಎಲುಬು ಮುರಿದು, ಮಾಂಸವನ್ನು ಹಂಡೆಗೆ ಹಾಕುವವರು ಎಂದು ಮೀಕ ಹೇಳುವುದು ಅಶ್ಶೂರರನ್ನಲ್ಲ, ತನ್ನದೇ ನಾಡಿನ ಮುಖಂಡರನ್ನು. ಹಾಸಿಗೆಯಲ್ಲಿ ಹೊಂಚು ಹಾಕಿ ಬೆಳಗಾಗುತ್ತಲೇ ಬಡವನ ಹೊಲ ಕಿತ್ತುಕೊಳ್ಳುವವರನ್ನು, ಲಂಚ ತಿಂದು ನ್ಯಾಯ ಹೇಳುವವರನ್ನು, ಸಂಬಳಕ್ಕೆ ಬೋಧಿಸುವ ಯಾಜಕರನ್ನು, ಹಣಕ್ಕೆ ಕಣಿ ಹೇಳುವ ಪ್ರವಾದಿಗಳನ್ನು. ಇಷ್ಟೆಲ್ಲ ಮಾಡಿಯೂ ಯೆಹೋವನು ನಮ್ಮ ಮಧ್ಯದಲ್ಲೇ ಇದ್ದಾನೆ, ನಮಗೇನೂ ಆಗದು ಎನ್ನುವ ಅವರ ಧೈರ್ಯವನ್ನು 3:11ರಲ್ಲಿ ಓದಿದಾಗ, ಇದು ಬೇರೆ ಯಾರಿಗೋ ಬರೆದ ಮಾತು ಎಂದು ನಾವು ಪಕ್ಕಕ್ಕಿಡುವಂತಿಲ್ಲ.

ಉಳಿದ ಪಟ್ಟಣ

ಮುಂದಿನ ವಚನದಲ್ಲೇ ಚೀಯೋನ್, ಅಂದರೆ ಯೆರೂಸಲೇಮ್, ಹೊಲದಂತೆ ಉಳಲ್ಪಡುತ್ತದೆ ಎಂಬ ತೀರ್ಪು. ಆದರೆ 701ರಲ್ಲಿ ಯೆರೂಸಲೇಮ್ ಬೀಳಲಿಲ್ಲ. ಹಾಗಾದರೆ ಮೀಕನ ಮಾತು ಸುಳ್ಳಾಯಿತೇ? ಉತ್ತರ ಇರುವುದು ಯೆರೆಮೀಯ 26ರಲ್ಲಿ. ಸುಮಾರು ನೂರು ವರ್ಷದ ನಂತರ ಯೆರೆಮೀಯನನ್ನು ಕೊಲ್ಲಬೇಕೆಂದು ಗದ್ದಲವಾದಾಗ ನಾಡಿನ ಹಿರಿಯರು ಎದ್ದು ನಿಂತು ಮೀಕನ ಈ ವಚನವನ್ನೇ ಹೇಳುತ್ತಾರೆ: ಹಿಜ್ಕೀಯ ಅವನನ್ನು ಕೊಲ್ಲಿಸಿದನೇ? ದೇವರಿಗೆ ಭಯಪಟ್ಟು ಬೇಡಿಕೊಂಡ, ಯೆಹೋವನು ಕೇಡನ್ನು ತರಲಿಲ್ಲ.

ನಕ್ಷೆ ಮಾಡುವಾಗೆಲ್ಲ ನನ್ನ ತಲೆಯಲ್ಲಿ ಓಡುತ್ತಿದ್ದುದು ಇದೇ. ತೀರ್ಪು ಒಂದು ಕಡೆ, ರಕ್ಷಣೆ ಇನ್ನೊಂದು ಕಡೆ ಅಲ್ಲ. ಕೇಳಿಸಿಕೊಂಡ ತೀರ್ಪೇ ಆ ಪಟ್ಟಣವನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲ ಉಳಿಸಿತು, ಇನ್ನೊಬ್ಬ ಪ್ರವಾದಿಯ ಜೀವವನ್ನೂ ಕಾಪಾಡಿತು.

ಬೇತ್ಲೆಹೇಮ್

ಇದರ ಸೂಜಿಗೆ ಬೇರೆ ಬಣ್ಣ ಬೇಡ ಎಂದು ನಿರ್ಧರಿಸಿದೆ. ಮುತ್ತಿಗೆಗೆ ಸಿಕ್ಕ ಅದೇ ಯೆಹೂದದ ಒಂದು ಚಿಕ್ಕ ಊರು. ಕುರಿ ಕಾಯುವಂತೆ ಜನರನ್ನು ಕಾಯುವವನು ಅಲ್ಲಿಂದ ಬರುತ್ತಾನೆ ಎಂಬುದು ವಾಗ್ದಾನ. ಜನರನ್ನು ಸುಲಿದು ತಿಂದ ಮುಖಂಡರನ್ನು ನೋಡಿ ಬಂದವರಿಗೆ ಈ ಕುರುಬ ಎಷ್ಟು ಬೇಕಾಗಿದ್ದ ಎಂದು ತಿಳಿಯುತ್ತದೆ. ಮತ್ತಾಯ ಎರಡನೇ ಅಧ್ಯಾಯದಲ್ಲಿ ಶಾಸ್ತ್ರಿಗಳು ಈ ವಚನವನ್ನು ಓದಿ ಹೇಳುವುದು ಹೆರೋದನಿಗೆ, ಮಕ್ಕಳನ್ನು ಕೊಲ್ಲಿಸಿದ ಇನ್ನೊಬ್ಬ ಅರಸನಿಗೆ, ಎಂಬುದನ್ನೂ ಅಧ್ಯಯನದಲ್ಲಿ ಸೇರಿಸಿ ಓದಬೇಕು.

ಬಾಕಿ ಇರುವುದು: ಬೆಟ್ಟಗಳಿಗೆ ಎರಡನೇ ಕೋಟ್ ಬಣ್ಣ; ಲಾಕೀಷಿನಿಂದ ಯೆರೂಸಲೇಮಿಗೆ ಸನ್ಹೇರೀಬನ ದೂತರು ಬಂದ ದಾರಿಗೆ ಕೆಂಪು ದಾರ; ಜನ ಸೆರೆ ಹೋಗುವರೆಂದು 4:10 ಹೇಳುವ ಬಾಬೆಲಿಗೆ ಪೂರ್ವದ ಅಂಚಿನಲ್ಲಿ ಇನ್ನೊಂದು ಬಾಣ. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಓದನ್ನು 1:1ರಿಂದಲೇ ಶುರು ಮಾಡುವುದೆಂದು ಗುಂಪಿನವರೆಲ್ಲ ಒಪ್ಪಿದ್ದಾರೆ. 7:18ರಿಂದ 20ರವರೆಗಿನ ಭಾಗವನ್ನು, ಪಾಪಗಳನ್ನು ಸಮುದ್ರದ ಆಳಕ್ಕೆ ಎಸೆಯುವ ದೇವರ ಸ್ತುತಿಯನ್ನು, ಎಲ್ಲರೂ ನಕ್ಷೆಯ ಸುತ್ತ ನಿಂತು ಒಟ್ಟಿಗೆ ಓದುವವರಿದ್ದೇವೆ.