ಮೊದಲ ಸಲ ಮೌಂಟನ್ ಬೈಕಿಂಗ್‌ಗೆ ಹೋಗ್ತಿದ್ದೀರಾ? ಬ್ರೇಕ್ ಹಿಡಿಯೋದು ಮೊದಲು ಕಲಿಯಿರಿ

ಸೈಕಲ್ ತುಳಿಯೋದು ಚಿಕ್ಕಂದಿನಿಂದ ಗೊತ್ತಿತ್ತು. ಆದರೆ ಗುಡ್ಡದ ಮಣ್ಣುದಾರಿಯಲ್ಲಿ ಮೌಂಟನ್ ಬೈಕ್ ಓಡಿಸಿದ್ದು ಇದೇ ಮೊದಲು. ನಾವು ಐದು ಜನ, ಜೊತೆಗೆ ಒಬ್ಬರು ಗೈಡ್. ಅರ್ಧ ದಿನದ ಸವಾರಿ.

ಬುಕ್ ಮಾಡುವಾಗ ‘ಸೈಕಲ್ ಬರುತ್ತೆ’ ಅಂತ ಸುಮ್ನೆ ಹೇಳಿ ಬಿಡಬೇಡಿ. ಕಲ್ಲುಮಣ್ಣಿನ ದಾರಿಯಲ್ಲಿ ಓಡಿಸಿದ್ದೀರಾ, ಎಷ್ಟು ಹೊತ್ತು ತುಳಿಯಬಲ್ಲಿರಿ, ಇಳಿಜಾರು ಕಂಡರೆ ಭಯವಾ, ಎಲ್ಲಾ ಇದ್ದದ್ದು ಇದ್ದ ಹಾಗೆ ಹೇಳಿ. ಅದನ್ನು ಕೇಳಿಯೇ ಗೈಡ್ ದಾರಿ ಆರಿಸೋದು. ಎಷ್ಟೋ ಕಡೆ ದಾರಿಗಳಿಗೆ ಬಣ್ಣದ ಗುರುತು ಇರುತ್ತದೆ. ಹಸಿರು ಸುಲಭ, ನೀಲಿ ಮಧ್ಯಮ, ಕಪ್ಪು ಕಷ್ಟ. ಮೊದಲ ಸಲಕ್ಕೆ ಹಸಿರೇ ಸಾಕು.

ಹೊರಡುವ ಮೊದಲು ಅರ್ಧ ಗಂಟೆ ಬಯಲಿನಲ್ಲೇ ಅಭ್ಯಾಸ ಮಾಡಿಸಿದರು. ಇಡೀ ದಿನದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಮೊದಲ ಪಾಠ ಬ್ರೇಕಿನದು. ಮುಂದಿನ ಚಕ್ರದ ಬ್ರೇಕ್ ಯಾವ ಕೈಯಲ್ಲಿದೆ ಅಂತ ಕೇಳಿ ತಿಳಿದುಕೊಳ್ಳಿ. ಕೆಲವು ದೇಶಗಳಲ್ಲಿ ಬಲಕ್ಕೆ, ಕೆಲವು ಕಡೆ ಎಡಕ್ಕೆ ಇರುತ್ತದೆ. ಬೈಕನ್ನು ಹೆಚ್ಚು ನಿಲ್ಲಿಸೋದು ಮುಂದಿನ ಬ್ರೇಕೇ. ಆದರೆ ಅದನ್ನು ಒಮ್ಮೆಲೇ ಬಿಗಿಯಾಗಿ ಹಿಡಿದರೆ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತೀರಿ. ಈಗಿನ ಡಿಸ್ಕ್ ಬ್ರೇಕಿಗೆ ಒಂದು ಬೆರಳು ಸಾಕು. ಉಳಿದ ಬೆರಳು ಹ್ಯಾಂಡಲ್ ಹಿಡಿದಿರಲಿ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಹಳೇ ಸೈಕಲ್‌ಗಳನ್ನು ಗುಡ್ಡದಿಂದ ಇಳಿಸುತ್ತಿದ್ದವರಿಗೆ ಈ ಸೌಕರ್ಯ ಇರಲಿಲ್ಲ. ಹಿಂದಿನ ಚಕ್ರದ ಬ್ರೇಕ್ ಕಾದು ಒಳಗಿನ ಗ್ರೀಸ್ ಸುಟ್ಟುಹೋಗುತ್ತಿತ್ತು. ಇಳಿದ ಮೇಲೆ ಮತ್ತೆ ಗ್ರೀಸ್ ತುಂಬಬೇಕು. ಅದಕ್ಕೇ ಆ ಇಳಿಜಾರಿಗೆ ‘ರೀಪ್ಯಾಕ್’ ಅನ್ನೋ ಹೆಸರು ಬಂತು.

ಇಳಿಯುವಾಗ ಸೀಟಿನ ಮೇಲೆ ಕೂರಬೇಡಿ. ಸೀಟು ತಗ್ಗಿಸಿ, ಎರಡೂ ಪೆಡಲ್ ಒಂದೇ ಮಟ್ಟಕ್ಕೆ ತಂದು, ಮೊಣಕಾಲು ಮೊಣಕೈ ಸಡಿಲ ಬಿಟ್ಟು ನಿಲ್ಲಿ. ಹಿಮ್ಮಡಿ ಸ್ವಲ್ಪ ಕೆಳಗಿರಲಿ. ಬೈಕ್ ಅಡಿಯಲ್ಲಿ ಕುಣಿದರೂ ಮೈ ಕುಣಿಯೋದಿಲ್ಲ.

ಒಂದು ಕಡೆ ದಾರಿಗೆ ಅಡ್ಡ ಮರದ ಬೇರು ಇತ್ತು. ಅದನ್ನೇ ನೋಡುತ್ತಾ ಹೋದೆ, ನೇರ ಅದರ ಮೇಲೇ ಹೋಗಿ ನಿಂತೆ. “ಬೇರು ನೋಡ್ಬೇಡಿ, ಅದರಾಚೆ ದಾರಿ ನೋಡಿ” ಅಂದರು ಗೈಡ್. ಮತ್ತೆ ಮೇಲಿಂದ ಬಂದೆ. ಈ ಸಲ ಕಣ್ಣು ಮುಂದಿನ ತಿರುವಿನ ಮೇಲೆ, ಬೆರಳು ಸಡಿಲ. ಬೈಕ್ ತಾನಾಗಿ ದಾಟಿತು. ಆ ಖುಷಿ ಈಗಲೂ ಇದೆ.

ಏರಿನ ಬಗ್ಗೆ ಹೇಳೋದು ಒಂದೇ. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ. ನಡುವೆ ಬಲವಾಗಿ ತುಳಿಯುತ್ತಾ ಬದಲಿಸಿದರೆ ಚೈನ್ ಜಾರುತ್ತದೆ. ಆಗದಿದ್ದರೆ ಇಳಿದು ತಳ್ಳಿ, ಎಲ್ಲರೂ ತಳ್ಳುತ್ತಾರೆ.

ಹೆಲ್ಮೆಟ್ ಹಣೆ ಮುಚ್ಚಬೇಕು, ಪಟ್ಟಿ ಬಿಗಿಯಾಗಿರಬೇಕು. ಬೆರಳು ಪೂರ್ತಿ ಮುಚ್ಚುವ ಕೈಗವಸು, ಚಪ್ಪಟೆ ಅಡಿಯ ಶೂ, ಬೇಕು ಅನಿಸಿದ್ದಕ್ಕಿಂತ ಜಾಸ್ತಿ ನೀರು ಇರಲಿ. ಪಂಚರ್ ಆದರೆ ಬೇಕಾಗುವ ಟ್ಯೂಬ್, ಪಂಪು, ಪ್ರಥಮ ಚಿಕಿತ್ಸೆಯ ಡಬ್ಬಿ ಗೈಡ್ ಹತ್ತಿರ ಇದೆಯಾ ಅಂತ ಮೊದಲೇ ಕೇಳಿ. ಕೇಳೋಕೆ ಸಂಕೋಚ ಬೇಡ.

ಮರುದಿನ ಕಾಲಿಗಿಂತ ಮುಂಗೈ ಜಾಸ್ತಿ ನೋಯುತ್ತಿತ್ತು. ಹ್ಯಾಂಡಲನ್ನು ಅಷ್ಟು ಬಿಗಿಯಾಗಿ ಹಿಡಿದಿದ್ದೆ. ನಿಂತಲ್ಲೆಲ್ಲಾ ಕೈ ಬಿಡಿಸಿ ಒದರಿಕೊಳ್ಳಿ, ಸಾಧ್ಯವಾದರೆ ಮರುದಿನ ರಜೆ ಇಟ್ಟುಕೊಳ್ಳಿ. ನಾನು ಇನ್ನೆರಡು ಸಲ ಹಸಿರು ದಾರಿಯಲ್ಲೇ ಓಡಿಸಿ, ಆಮೇಲೆ ನೀಲಿಗೆ ಹೋಗ್ತೀನಿ.